ಕೋಡಿಯ ಐದು ಹಲಗೆ

ದೋಣಿ ಸಾಹುಕಾರ ಮಂಡಿಯೂರಿ ಮಂಚದ ಕೆಳಗೆ ತಲೆ ತೂರಿಸಿದ್ದ. ಮಂಚದ ಮೇಲೆ ಹೆಣವಿರಲಿಲ್ಲ ಎಂಬುದಷ್ಟೇ ಸಮಾಧಾನ. ಅದು ಮುಂದಿನ ಕೋಣೆಯಲ್ಲಿ, ಪೆಟ್ಟಿಗೆಯೊಳಗೆ, ಬಂದವರ ಮಾತನ್ನೆಲ್ಲ ಎಂದಿನಂತೆ ಉತ್ತರ ಕೊಡದೆ ಕೇಳಿಸಿಕೊಳ್ಳುತ್ತಿತ್ತು.

"ಏನು ಹುಡುಕ್ತಿದ್ದೀರಿ ಮಾವ?"

ಬಾಗಿಲಲ್ಲಿ ಸತ್ತವನ ಮಗಳು ನಿಂತಿದ್ದಳು.

"ಕನ್ನಡಕ ಬಿತ್ತಮ್ಮ."

"ಮೂಗಿನ ಮೇಲಿದೆ."

ಸಾಹುಕಾರ ಮೂಗು ಮುಟ್ಟಿ ನೋಡಿಕೊಂಡು ಆಶ್ಚರ್ಯಪಟ್ಟ. ಆಶ್ಚರ್ಯ ಸಾಲಲಿಲ್ಲ. ಅವಳು ಹದಿನಾರು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಟಿಕೆಟ್ ಇಲ್ಲದವನ ಮುಖ ಹಿಂದಿನ ಸೀಟಿನಲ್ಲಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು.

"ಹಲಗೆ ತಾನೆ?"

"ಹೂಂ, ಹಲಗೆ." ಅವನು ಮೊಣಕಾಲು ಕೊಡವುತ್ತ ಎದ್ದ. "ನೋಡು, ನನ್ನ ಹನ್ನೆರಡು ದೋಣಿ ಕೆಸರಲ್ಲಿ ಬಿದ್ದು ನಲವತ್ತು ದಿನ ಆಯ್ತು. ಸಂಜೆಗೆ ದೊಡ್ಡ ಮಳೆ ಅಂತ ರೇಡಿಯೋದವನೂ ಹೇಳ್ದ. ಇವತ್ತು ಹಲಗೆ ಇಳಿಸಿದ್ರೆ ನಾಳೆ ಬೆಳಗ್ಗೆ ಕೆರೆ ತುಂಬುತ್ತೆ. ಕಚೇರಿಯವರ ಚೀಟಿ ಇದೆ ನನ್ನ ಹತ್ರ." ಜೇಬು ತಟ್ಟಿದ. "ಕೋಡಿ ಕಾಯೋನಿಲ್ಲದಾಗ ಇಳಿಸೋ ಹಕ್ಕು ನಂದು."

"ಅಪ್ಪ ಇನ್ನೂ ಮನೇಲೇ ಇದ್ದಾರೆ ಮಾವ."

ಸಾಹುಕಾರ ಜೇಬಿನ ಮೇಲಿದ್ದ ಕೈ ತೆಗೆದ. ಹಿತ್ತಲಿಗೆ ಹೋಗಿ ಸೌದೆಯ ರಾಶಿಯನ್ನು ಕೆದಕತೊಡಗಿದ.

ಕೋಡಿಯ ವ್ಯವಸ್ಥೆ ಸರಳವಾದದ್ದು. ಕೆರೆಯ ನೀರು ಹೊರಬೀಳುವ ಕಡೆ ಎರಡು ಕಲ್ಲುಕಂಬ, ಕಂಬಗಳಲ್ಲಿ ಎದುರುಬದುರಾಗಿ ಒಂದೊಂದು ಸೀಳು. ಸೀಳಿನೊಳಗೆ ಐದು ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿದರೆ ಕೆರೆ ತುಂಬುತ್ತದೆ, ಎತ್ತಿದರೆ ಇಳಿಯುತ್ತದೆ. ಇಳಿಸುವುದೂ ಎತ್ತುವುದೂ ಮೂವತ್ತೊಂದು ವರ್ಷದಿಂದ ಒಬ್ಬನ ಕೆಲಸ. ಊರು ಅವನನ್ನು ಹಲಗೆಯಣ್ಣ ಎಂದು ಕರೆಯುತ್ತಿತ್ತು. ಬೇರೆ ಹೆಸರೂ ಇತ್ತು. ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಬಳಕೆಯಲ್ಲಿತ್ತು.

ಮಗಳು ಅಮ್ಮನ ಪಕ್ಕ ಕೂತಳು. "ಅಮ್ಮ, ಹಲಗೆ ಎಲ್ಲಿಟ್ಟಿದ್ದಾರೆ ಅಪ್ಪ?"

"ನಲವತ್ತು ವರ್ಷದಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಅಂತ ಆ ಮನುಷ್ಯ ಒಂದು ದಿನ ಕೇಳ್ಲಿಲ್ಲ. ಹಲಗೆ ಎಲ್ಲಿದೆ ಅಂತ ನಾನೂ ಕೇಳ್ಲಿಲ್ಲ." ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸರಿಹೋಯ್ತು."

*

ಮೂರು ಬೇಸಿಗೆಯ ಹಿಂದೆ ಕೆರೆ ಬಟಾಣಿ ಬೇಯಿಸಿದ ನೀರಿನಂತಾಗಿತ್ತು. ಹಿಂದೆಂದೂ ಕಾಣದ ಸೆಕೆ. ಒಂದು ಬೆಳಗ್ಗೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಊರು ಮೂಗು ಮುಚ್ಚಿಕೊಂಡು ಸಭೆ ಸೇರಿತು.

"ಅಂಚಲ್ಲಿ ಜೊಂಡು ಇಲ್ಲ," ಎಂದ ಹಲಗೆಯಣ್ಣ. ಸಭೆಗಳಲ್ಲಿ ಅವನು ಮಾತಾಡಿದ್ದು ಅದೇ ಮೊದಲು. "ಊರಿನ ಕೊಳೆ ತಡೀತಿದ್ದದ್ದು ಅದೇ, ದಡ ಹಿಡ್ಕೊಂಡಿದ್ದೂ ಅದೇ. ವರ್ಷವಿಡೀ ಕೆರೆ ತುಂಬಿಸಿಟ್ರೆ ಜೊಂಡಿನ ಬೀಜ ಮೊಳೆಯಲ್ಲ. ಅದಕ್ಕೆ ಗಾಳಿಗೆ ಬಿಟ್ಟ ಕೆಸರು ಬೇಕು. ಬೇಸಿಗೇಲಿ ಎರಡು ತಿಂಗಳು ಕೆರೆ ಇಳಿಸೋಣ. ಸಸಿ ಮೊಣಕಾಲುದ್ದ ಬಂದ್ಮೇಲೆ ಎಷ್ಟು ನೀರು ಬೇಕಾದ್ರೂ ಬರ್ಲಿ. ಅದಕ್ಕೆ ಮುಂಚೆ ಮುಳುಗಿದ್ರೆ ಸಾಯುತ್ತೆ."

"ಕೆರೆ ಉಳಿಸೋಕೆ ಕೆರೇನೇ ಖಾಲಿ ಮಾಡ್ಬೇಕು ಅಂತಾನಲ್ಲಪ್ಪ!" ಎಂದ ಸಾಹುಕಾರ. ಸಭೆ ನಕ್ಕಿತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಆದ್ದರಿಂದ ಕರುಣೆಯ ಪ್ರಶ್ನೆ ಇರಲಿಲ್ಲ. "ಇವನ ಲೆಕ್ಕ ನಂಬಬೇಡಿ. ನಾಲ್ಕನೇ ಹಲಗೆಗೆ ಕಾದ ಕಬ್ಬಿಣದಲ್ಲಿ ನಂಬರು ಸುಡುವಾಗ ತಪ್ಪು ಮಗ್ಗುಲಲ್ಲಿ ಸುಟ್ಟು, ತಿರುಗಿಸಿ ಇನ್ನೊಂದ್ಸಲ ಸುಟ್ಟೋನು ಇವನು. ಪ್ರಪಂಚದಲ್ಲಿ ಎರಡು ಮುಖಕ್ಕೂ ನಾಲ್ಕು ಇರೋ ಹಲಗೆ ನಮ್ಮ ಕೆರೆಗೊಂದೇ!"

ಮೊದಲ ವರ್ಷ ಒಪ್ಪಿಗೆ ಸಿಗಲಿಲ್ಲ. ಎರಡನೆಯ ವರ್ಷ ಸಿಕ್ಕಿತು. ಆದರೆ ಸಸಿ ಗೇಣುದ್ದ ಬರುವಷ್ಟರಲ್ಲಿ ಅಕಾಲದ ಮಳೆ ಬಂತು, ಸಾಹುಕಾರ ಜನ ಕರೆದು ಹಲಗೆ ಇಳಿಸಿಬಿಟ್ಟ. ನಾಲ್ಕು ದಿನದಲ್ಲಿ ಎಲ್ಲ ಕೊಳೆತುಹೋಯಿತು. ಹಲಗೆಯಣ್ಣ ಜಗಳವಾಡಲಿಲ್ಲ. ಆ ವರ್ಷವೆಲ್ಲ ದೋಣಿಕಟ್ಟೆಯ ದಾರಿ ಬಿಟ್ಟು ಸುತ್ತಿಕೊಂಡು ಮನೆಗೆ ಬಂದ. ಈ ವರ್ಷ ಮತ್ತೆ ಹಲಗೆ ಎತ್ತಿದವನು ಅವುಗಳನ್ನು ಕೋಡಿಯ ಪಕ್ಕ ಬಿಡಲಿಲ್ಲ.

*

ಬಡಗಿ ಪೆಟ್ಟಿಗೆಯ ಮುಚ್ಚಳಕ್ಕೆ ತಿರುಪು ಬಿಗಿಯುತ್ತಿದ್ದ. "ಹೊರೋಕೆ ಎಂಟು ಜನ ಬೇಕು," ಎಂದ, ಯಾರ ಮುಖವನ್ನೂ ನೋಡದೆ.

"ಎಂಟಾ?" ಎಂದಳು ಮಗಳು. "ಆಸ್ಪತ್ರೇಲಿ ತೂಗಿದಾಗ ಅಪ್ಪ ನಲವತ್ತೆಂಟು ಕಿಲೋ ಇದ್ರು."

ಬಡಗಿ ಇನ್ನೊಂದು ತಿರುಪು ಬಿಗಿದ. ಅದು ಆಗಲೇ ಬಿಗಿಯಾಗಿತ್ತು.

ಅವಳು ಪೆಟ್ಟಿಗೆಯನ್ನು ನೋಡಿದಳು. ಬೆಳಗಿನಿಂದ ಅದರ ಎದುರಿಗೇ ಕೂತಿದ್ದರೂ ನೋಡಿದ್ದು ಈಗ. ಎರಡು ಬೆರಳು ದಪ್ಪದ ಮರ. ಮೂಲೆಯಲ್ಲಿ, ಕೊಂಡಿ ಕಿತ್ತ ತೂತಿಗೆ ಮೇಣ ತುಂಬಿತ್ತು.

"ಚಿಕ್ಕಪ್ಪ..."

"ಆಸ್ಪತ್ರೆಗೆ ಹೋಗೋ ಹಿಂದಿನ ದಿನ ತಂದು ಹಾಕಿದ," ಬಡಗಿ ಪಿಸುಗುಟ್ಟಿದ. "'ನನಗೆ ಇದರಲ್ಲೇ ಮಾಡು, ಯಾರಿಗೂ ಹೇಳ್ಬೇಡ' ಅಂದ. 'ಹೊಸದು ಕೊಯ್ದು ಒಣಗಿಸೋಕೆ ಎಷ್ಟು ದಿನ?' ಅಂದ. ಕಮ್ಮಿ ಅಂದ್ರೂ ಮೂರು ವಾರ ಅಂದೆ. 'ಸಾಕು' ಅಂದ. ನಂಬರುಗಳನ್ನೆಲ್ಲ ಒಳಮುಖ ಮಾಡಿದ್ದೀನಿ. ಒಂದು ಮಾತ್ರ..."

"ನಾಲ್ಕು."

"ಅದು ಎಡಗಡೆ, ಮುಂದೆ. ಹೂವಿನ ಹಾರ ಇಳಿಬಿಟ್ಟು ಮುಚ್ಚಿದ್ದೀನಿ."

ಹೊರಗೆ ಗುಡುಗಿತು. ಸಾಹುಕಾರ ಹಿತ್ತಲಿನಿಂದ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತ. ಹಲಗೆಯಿಲ್ಲದೆ ಕೋಡಿ ಮುಚ್ಚಲು ಬೇರೆ ದಾರಿ ಅವನಿಗಿರಲಿಲ್ಲ. ಒಮ್ಮೆ ಮರಳಿನ ಚೀಲ ಇಟ್ಟು ನೋಡಿದ್ದ, ಚೀಲಗಳು ನೀರಿನ ಜೊತೆ ಅವನಿಗಿಂತ ಮೊದಲು ಪಕ್ಕದೂರು ತಲುಪಿದ್ದವು.

"ನಡೀರಿ, ಮಳೆಗೆ ಮುಂಚೆ ಮುಗಿಸೋಣ," ಎಂದ. "ಎಡಗಡೆ ಮುಂದೆ ನಾನು."

"ನೀವು ಹಿಂದೆ ಹಿಡೀರಿ ಸಾಹುಕಾರ್ರೆ, ಎತ್ತರ ಇದ್ದೀರಿ," ಎಂದ ಬಡಗಿ.

"ಅರವತ್ತು ವರ್ಷ ಅವನ ಎಡಗಡೆ ಕೂತೋನು ನಾನು. ಹಿಂದೆ ಯಾಕೆ ಹೋಗ್ಲಿ?"

ಬಡಗಿ ಎಡಗಡೆಯ ಹಾರವನ್ನು ಇನ್ನೊಮ್ಮೆ ಸರಿಮಾಡಿದ.

*

ಪ್ರತಿ ಭಾನುವಾರ ಆಸ್ಪತ್ರೆಗೆ ಬರುವಾಗ ಮಗಳು ಕೆರೆಯ ಕೆಸರಿನಿಂದ ಒಂದು ಜೊಂಡಿನ ಸಸಿ ಕಿತ್ತು, ಒದ್ದೆ ಟಿಕೆಟ್ ಕಾಗದದಲ್ಲಿ ಸುತ್ತಿ ತರುತ್ತಿದ್ದಳು. ಅಪ್ಪ ಅದನ್ನು ತೋರುಬೆರಳಿನ ಪಕ್ಕ ಹಿಡಿದು ಅಳೆಯುತ್ತಿದ್ದ. ಮೊದಲ ವಾರ ಉಗುರು. ಆಮೇಲೆ ಮೊದಲ ಗೆಣ್ಣು. ಕೊನೆಯ ಭಾನುವಾರ ಇಡೀ ಬೆರಳು ದಾಟಿ ಅಂಗೈಗೆ ಬಂದಿತ್ತು.

"ಇನ್ನು ಎಷ್ಟು ದಿನ ಅಂತೆ?" ಎಂದು ಕೇಳಿದ.

ಡಾಕ್ಟರು ತನಗೆ ಹೇಳಿದ್ದನ್ನು ಹೇಗೆ ಹೇಳುವುದೆಂದು ಅವಳು ತಡವರಿಸಿದಳು.

"ನಂದಲ್ಲ ಕಣೇ," ಎಂದ ಅವನು. "ಇದರದ್ದು."

*

ಸ್ಮಶಾನಕ್ಕೆ ದಾರಿ ಕೆರೆಯ ಏರಿಯ ಮೇಲೆಯೇ. ಎಂಟು ಜನ ಏದುಸಿರು ಬಿಡುತ್ತ ನಡೆದರು. "ಬದುಕಿದ್ದಾಗ ಗಾಳಿಗೆ ಹಾರೋ ಹಾಗಿದ್ದ, ಈಗ ನೋಡಪ್ಪ," ಎಂದು ಹಿಂದಿನಿಂದ ಯಾರೋ ಗೊಣಗಿದರು. ಬಲಗಡೆ ಕೆಳಗೆ ಕೆಸರು, ಕೆಸರಿನ ತುಂಬ ತೆಳುಹಸಿರು, ನಡುವೆ ಬಿಟ್ಟುಹೋದ ಚಪ್ಪಲಿಗಳಂತೆ ಹನ್ನೆರಡು ದೋಣಿ.

ಕೋಡಿಯ ಹತ್ತಿರ ಗಾಳಿ ಬೀಸಿತು. ಹಾರ ಜಾರಿ ಬಿತ್ತು.

ಮಗಳು ಎರಡು ಹೆಜ್ಜೆ ಹಿಂದಿದ್ದಳು. ಸಾಹುಕಾರನ ಕೆನ್ನೆ ಹಲಗೆಗೆ ಒತ್ತಿಕೊಂಡಿತ್ತು. ಕನ್ನಡಕದಿಂದ ಒಂದು ಗೇಣು ದೂರದಲ್ಲಿ ಕರಿಕಾದ ನಾಲ್ಕು, ತಲೆಕೆಳಗಾಗಿ. ಅವನು ನಿಂತ. ಎಂಟೂ ಜನ ನಿಲ್ಲಬೇಕಾಯಿತು. ಅವನು ನಂಬರನ್ನು ನೋಡಿದ, ಕೋಡಿಯ ಬರಿದಾದ ಸೀಳನ್ನು ನೋಡಿದ. ನೀರು ಸದ್ದು ಮಾಡುತ್ತ ಅದರ ಮೂಲಕ ಹೊರಹೋಗುತ್ತಿತ್ತು. ಅವನ ಒಂದು ಕೈ ಜೇಬಿಗೆ ಹೋಯಿತು. ಹಲಗೆಗಳೂ ಅಲ್ಲಿದ್ದವು, ಕೋಡಿಯೂ ಅಲ್ಲಿತ್ತು, ಬಡಗಿಯ ಚೀಲದಲ್ಲಿ ತಿರುಪುಳಿಯೂ ಇತ್ತು.

"ಏನಾಯ್ತು ಮಾವ?" ಎಂದಳು ಅವಳು.

ಮೊದಲ ಹನಿಗಳು ಮುಚ್ಚಳದ ಮೇಲೆ ಬಿದ್ದವು.

"ಏನಿಲ್ಲ." ಜೇಬಿನಿಂದ ಕೈ ಕರವಸ್ತ್ರದೊಂದಿಗೆ ಬಂತು. ಅದನ್ನು ಹೆಗಲಿಗೂ ಹಲಗೆಗೂ ನಡುವೆ, ನಂಬರು ಮುಚ್ಚುವಂತೆ, ಮಡಚಿ ಇಟ್ಟುಕೊಂಡ. "ಹೆಗಲು ಒತ್ತುತ್ತೆ. ಕಳ್ಳನನ್ಮಗ, ಭಾರ ಇದ್ದಾನೆ. ನಡೀರಿ."

ಮಣ್ಣು ಮುಚ್ಚುವಷ್ಟರಲ್ಲಿ ಮಳೆ ಜೋರಾಗಿತ್ತು. ಜನ ಚದುರಿದರು. ಸಾಹುಕಾರ ಬಡಗಿಯ ಕಡೆ ತಿರುಗಿ, "ಹೊಸದು ಮಾಡೋಕೆ?" ಎಂದ.

"ಮೂರು ವಾರ."

"ಹೂಂ," ಎಂದ.

ಮಗಳು ಏರಿಯ ಮೇಲೆ ಒಬ್ಬಳೇ ಹಿಂದಿರುಗುವಾಗ ಅವನು ಕೆಳಗೆ ಕೆಸರಿನಲ್ಲಿದ್ದ. ಸಾವಿನ ಮನೆಗೆಂದು ಹಾಕಿದ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು, ಬೂಟು ಎರಡೂ ಕೈಯಲ್ಲಿದ್ದವು. ಅವುಗಳನ್ನು ಒಂದು ಕಲ್ಲಿನ ಮೇಲಿಟ್ಟು, ಮಳೆ ತುಂಬುತ್ತಿದ್ದ ದೋಣಿಗಳನ್ನು ಒಂದೊಂದಾಗಿ ಬೋರಲು ಹಾಕತೊಡಗಿದ. ಹನ್ನೊಂದನ್ನು ಇದ್ದಲ್ಲೇ ಕವುಚಿದ. ಹನ್ನೆರಡನೆಯದನ್ನು ಕವುಚಲು ಹೋದವನು ತಡೆದು, ಬಗ್ಗಿ, ಅದು ಬೀಳುವ ಜಾಗದಲ್ಲಿದ್ದ ಸಸಿಗಳನ್ನು ನೋಡಿದ. ಆಮೇಲೆ ಅದರ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಜಾರುತ್ತ, ಬೈಯುತ್ತ, ಹಸಿರು ಇಲ್ಲದ ಕಲ್ಲುನೆಲದವರೆಗೆ ಎಳೆದುಕೊಂಡು ಹೋದ.