ಬೆಳಕಿಗೆ ಹೆದರಿದ ಪೆಟ್ಟಿಗೆ

ಪೆಟ್ಟಿಗೆ ಬಿದ್ದದ್ದು ಪರಿಗಿ ಕಡೆಯ ಹೊಲವೊಂದರಲ್ಲಿ, ಲಚ್ಚವ್ವನ ಹಾಲು ಕರೆಯುವ ಎಮ್ಮೆಯ ಬೆನ್ನಿನ ಮೇಲೆ. ಹೈದರಾಬಾದಿನಿಂದ ಜೀಪಿನಲ್ಲಿ ವಿಜ್ಞಾನಿ ವಿಶ್ವನಾಥಂ ಬಂದು ಮುಟ್ಟುವಷ್ಟರಲ್ಲಿ ಎಮ್ಮೆ ಸತ್ತಿತ್ತು, ಊರಿಗೆ ಊರೇ ಕುದಿಯುತ್ತಿತ್ತು.

ಸಮಾಧಾನ ಹೇಳಲು ಡ್ರೈವರ್ ಸಾಯನ್ನ ಮೊದಲು ಇಳಿದ. ಗುಂಪಿನಿಂದ ತೂರಿ ಬಂದ ಕಲ್ಲು ಅವನ ಹುಬ್ಬು ಸೀಳಿತು. ಆಮೇಲೆ ದೊಣ್ಣೆಗಳು ಬಿದ್ದವು. ವಿಶ್ವನಾಥಂ ಓಡಿದ್ದು ಸಾಯನ್ನನ ಕಡೆಗಲ್ಲ, ಪೆಟ್ಟಿಗೆಯ ಕಡೆಗೆ. ಓಡಿಹೋಗಿ ಅದರ ಮೇಲೆ ಬೋರಲು ಬಿದ್ದ.

ಬಲೂನಿಗೆ ಕಟ್ಟಿ ಮೋಡಗಳಾಚೆ ಕಳಿಸಿದ್ದ ಪೆಟ್ಟಿಗೆ ಅದು, ಪ್ಯಾರಾಚೂಟಿನಲ್ಲಿ ಇಳಿದಿತ್ತು. ಒಳಗೆ ಸೀಸದ ತಗಡುಗಳು, ನಡುನಡುವೆ ಫಿಲ್ಮು. ನಕ್ಷತ್ರಲೋಕದಿಂದ ನುಗ್ಗಿ ಬರುವ ಕಣಗಳಲ್ಲಿ ಎಲೆಕ್ಟ್ರಾನು ಸಿಗುವುದು ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ, ಎಲ್ಲೋ ಒಂದು. ಅದರ ಹೆಜ್ಜೆ ಉಳಿಯುವುದು ಆ ಫಿಲ್ಮಿನಲ್ಲಿ ಮಾತ್ರ. ಹಿಂದಿನ ಎರಡು ಬಲೂನು ಮೇಲೇರುವಾಗಲೇ ಒಡೆದಿದ್ದವು. ಬಿಸಿಲು ತಾಗಿದರೆ ಇದೂ ಮಣ್ಣುಪಾಲು.

"ಏನೈತೆ ಒಳಗೆ? ತೆಗಿ," ಎಂದಳು ಲಚ್ಚವ್ವ.

"ಆಗಲ್ಲ ಅವ್ವ. ಬೆಳಕು ಬಿದ್ರೆ ಹಾಳಾಗುತ್ತೆ."

"ಬೆಳಕಿಗೆ ಹೆದರೋದು ಕಳ್ಳಮಾಲು ಒಂದೇ ಕಣಪ್ಪ. ನನ್ನೆಮ್ಮೆ ತಿಂದಿದ್ದು ಏನು ಅಂತ ನಾನು ನೋಡ್ಬೇಕು."

ಅವಳ ಮಗ ರಾಜಯ್ಯ ಸಾಯನ್ನನನ್ನು ಕೆಡವಿ, ಅವನ ಅಂಗೈಯನ್ನು ಬದುವಿನ ಕಲ್ಲಿಗೆ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಈಚಲು ಕೆತ್ತುವ ಕತ್ತಿ.

"ತೆಗೀತೀಯೋ, ಕಡೀಲೋ?"

ಜೀವಕ್ಕಿಂತ ದೊಡ್ಡದಿಲ್ಲ ಎಂದು ಹೇಳದವರು ಯಾರಿದ್ದಾರೆ? ವಿಶ್ವನಾಥಂ ಕೂಡ ಹೇಳಿದವನೇ. ಈಗ ಮಾತ್ರ ಅವನ ಕೈ ಪೆಟ್ಟಿಗೆಯನ್ನು ಬಿಡಲಿಲ್ಲ. ರಾಜಯ್ಯ ಬರೀ ಹೆದರಿಸುತ್ತಿದ್ದಾನೆ ಅಂದುಕೊಂಡ. ಪೊಲೀಸರು ಬಂದರೂ ಬಂದಾರು ಅಂದುಕೊಂಡ. ಸಾಯನ್ನ ಬೇಡಲಿಲ್ಲ, ವಿಶ್ವನಾಥಂನನ್ನೇ ನೋಡುತ್ತಿದ್ದ.

ಕತ್ತಿ ಇಳಿಯಿತು. ಎರಡು ಬೆರಳು ಮಣ್ಣಿಗೆ ಬಿದ್ದವು. ಸಾಯನ್ನನ ಕೂಗಿಗೆ ಹೊಲದ ಹಕ್ಕಿಗಳೆಲ್ಲ ಎದ್ದವು.

ಆಗ ವಿಶ್ವನಾಥಂ ಪೆಟ್ಟಿಗೆ ತೆರೆದ. ಕಪ್ಪು ಕಾಗದ ಹರಿದು ಹರಿದು ಒಗೆದ. ಬಿಸಿಲು ಒಳಗಿಳಿಯಿತು. ಜನ ಬಗ್ಗಿ ನೋಡಿದರು: ತಗಡು, ಹಾಳೆ, ತಗಡು.

"ಇಷ್ಟೇನಾ?" ಎಂದಳು ಲಚ್ಚವ್ವ. ಹೋಗಿ ಎಮ್ಮೆಯ ತಲೆಯ ಬಳಿ ಕುಕ್ಕರಿಸಿ ಅಳತೊಡಗಿದಳು.

ವಾಪಸು ಜೀಪು ನಡೆಸಿದ್ದು ವಿಶ್ವನಾಥಂ. ಪ್ಯಾರಾಚೂಟಿನ ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಸಾಯನ್ನ ಪಕ್ಕದಲ್ಲಿ ಕೂತಿದ್ದ. ಬಟ್ಟೆ ಪೂರ್ತಿ ಕೆಂಪಾಗಿತ್ತು.

"ಎಲ್ಲಾ ಹೋಯ್ತು ಸಾಯನ್ನ," ಎಂದು ವಿಶ್ವನಾಥಂ ಅತ್ತ.

ಸಾಯನ್ನ ರಸ್ತೆಯನ್ನೇ ನೋಡುತ್ತಿದ್ದ.

"ಕೊನೆಗೆ ತೆಗೆದ್ರಲ್ಲ ಸಾರ್," ಎಂದ. "ಮೊದ್ಲೇ ತೆಗೀಬಹುದಿತ್ತು."