ಹೆದರಿಸುವ ಕೆಲಸ

ಡಾಲ್ಫಿನ್‌ಗಳ ಸೇವೆ ಮಾಡಲು ರಜೆ ಹಾಕಿ ಪರದೇಶಕ್ಕೆ ಬಂದಿದ್ದ ಗಂಡಹೆಂಡತಿಗೆ ಮೊದಲು ಸಿಕ್ಕಿದ ಕೆಲಸವೇ ಡಾಲ್ಫಿನ್ ಒಂದನ್ನು ಹೆದರಿಸುವುದು.

ಕೆಲಸ ಹಚ್ಚಿದವಳು ಗಂಡನ ತಂಗಿ, ಆ ಸಂರಕ್ಷಣಾ ಕೇಂದ್ರದ ಪಶುವೈದ್ಯೆ. ಪ್ರವಾಸಿ ದೋಣಿಗಳ ಪಕ್ಕ ಬಾಯಿ ತೆರೆದು ಮೀನು ಬೇಡುವುದನ್ನು ಕಲಿತಿದ್ದ ಗಂಡು ಡಾಲ್ಫಿನ್ ಅದು. ಒಂದು ದಿನ ದೋಣಿಯ ಪ್ರೊಪೆಲ್ಲರ್ ಅದರ ಬೆನ್ನು ಸೀಳಿತ್ತು. ಗಾಯವೇನೋ ಮಾಗಿತ್ತು, ಚಟ ಮಾತ್ರ ಬಿಟ್ಟಿರಲಿಲ್ಲ. ಸಮುದ್ರದಂಚಿನಲ್ಲಿ ಬಲೆ ಕಟ್ಟಿದ ಆವರಣದೊಳಗೆ ಅದನ್ನು ಇಟ್ಟಿದ್ದರು. ಸುತ್ತಲೂ ತೇಲುವ ಹಲಗೆಗಳ ದಾರಿ. ಕೊಡುವ ಕೈ ಕಾಣಬಾರದೆಂದು ಮೀನನ್ನು ನೀರಿನಡಿಯ ಕೊಳವೆಯಿಂದ ಬಿಡುತ್ತಿದ್ದರು. ಅದು ಮನುಷ್ಯರ ಹತ್ತಿರ ಬಂದರೆ ಕಬ್ಬಿಣದ ಪೈಪನ್ನು ನೀರಿಗೆ ಇಳಿಸಿ ಸುತ್ತಿಗೆಯಿಂದ ಬಡಿಯಬೇಕು. ಮಾತಾಡಿಸುವಂತಿಲ್ಲ, ಹೆಸರಿಡುವಂತಿಲ್ಲ.

“ದೋಣಿ ಕಂಡ್ರೆ ದೂರ ಹೋಗೋದು ಕಲಿತ್ರೆ ಸಮುದ್ರಕ್ಕೆ ಬಿಡ್ತೀವಿ,” ಎಂದಳು ತಂಗಿ. “ಇಲ್ಲಾಂದ್ರೆ ಸಾಯೋವರೆಗೂ ಸಿಮೆಂಟಿನ ತೊಟ್ಟಿ, ಟಿಕೆಟ್ ತಗೊಂಡು ನೋಡೋಕೆ ಬರೋ ಜನ. ಮಧ್ಯದ ದಾರಿ ಇಲ್ಲ ಅಣ್ಣ.”

“ಪಾಪ ಕಣೇ, ಮೂಕಪ್ರಾಣಿ.”

“ಪೈಪ್ ಇಲ್ಲಿ ಕೊಡಿ,” ಎಂದು ಅವನ ಹೆಂಡತಿ ಕೈ ಚಾಚಿದಳು.

ಮನೆಯಲ್ಲೂ ಹೀಗೆಯೇ. ಮಕ್ಕಳ ಮೂಗು ಹಿಡಿದು ಔಷಧ ಕುಡಿಸುತ್ತಿದ್ದವಳು ಅವಳು, ಆಮೇಲೆ ಬಾಯಿಗೆ ಸಕ್ಕರೆ ಹಾಕುತ್ತಿದ್ದವನು ಅವನು. ನೆಂಟರಿಗೆ ‘ಆಗಲ್ಲ’ ಎನ್ನಬೇಕಾದಾಗಲೆಲ್ಲ ಫೋನ್ ಅವಳ ಕೈಗೆ ಬರುತ್ತಿತ್ತು. ಹೀಗಾಗಿ ನೆಂಟರ ಬಾಯಲ್ಲಿ ಅವನು ದೇವರಂಥ ಮನುಷ್ಯ, ಅವಳು ಗಯ್ಯಾಳಿ.

ಬಡಿದು ಬಡಿದು ಅವಳ ಅಂಗೈಯಲ್ಲಿ ಬೊಬ್ಬೆ ಎದ್ದವು. ಅವನು ಮೀನಿನ ಬಕೆಟ್ ತೊಳೆಯುವ ಕೆಲಸ ಹಿಡಿದು, ಕೇಂದ್ರದವರನ್ನೆಲ್ಲ ನಗಿಸಿಕೊಂಡು ಓಡಾಡಿದ.

“ನಿನ್ನ ನೆರಳು ಕಂಡ್ರೆ ಸಾಕು, ತಳಕ್ಕೆ ಹೋಗುತ್ತೆ,” ಎಂದ ಒಮ್ಮೆ, ಕೋಣೆಯ ಕಿಟಕಿಗೆ ಒದ್ದೆ ಬಟ್ಟೆ ಹರವುತ್ತಾ. “ಥೇಟ್ ನಮ್ಮ ಮಕ್ಕಳ ಹಾಗೆ.”

“ಹೋಗ್ಲಿ ಬಿಡಿ. ಹಾಗೆ ಹೆದರಿದ ಮಕ್ಕಳೇ ಇವತ್ತು ತಮ್ಮ ಕಾಲ ಮೇಲೆ ನಿಂತಿರೋದು.”

ಮೊದಲ ಪರೀಕ್ಷೆಗೆ ಹೊರಗಿನ ದೋಣಿಯೊಂದನ್ನು ಆವರಣದೊಳಕ್ಕೆ ತಂದರು. ಅಪರಿಚಿತರು ಅಂಚಿನಲ್ಲಿ ಕೂತು ಕೈ ಇಳಿಬಿಟ್ಟರು. ಡಾಲ್ಫಿನ್ ಹತ್ತಿರ ಸುಳಿಯಲಿಲ್ಲ. ಎರಡನೆಯ ಪರೀಕ್ಷೆಗೆ ಒಬ್ಬರು ಕಡಿಮೆಯಾದರೆಂದು ತಂಗಿ ಅಣ್ಣನನ್ನೂ ಹತ್ತಿಸಿಕೊಂಡಳು. ಅವನು ಕೂತದ್ದಷ್ಟೇ. ದೂರದ ಮೂಲೆಯಲ್ಲಿದ್ದ ಡಾಲ್ಫಿನ್ ನೇರವಾಗಿ ಬಂದು ಅವನ ಮೊಣಕಾಲಿನ ಹತ್ತಿರ ತಲೆ ಎತ್ತಿ ಬಾಯಿ ತೆರೆಯಿತು.

ದೋಣಿಯವನು ನಕ್ಕ, ವೈದ್ಯೆಯ ಮುಖ ನೋಡಿ ನಗು ನಿಲ್ಲಿಸಿದ.

“ಎಷ್ಟು ದಿನದಿಂದ?” ಹಲಗೆಯ ಮೇಲೆ ಇಳಿದೊಡನೆ ತಂಗಿ ಕೇಳಿದಳು.

“ಬಕೆಟ್ ತೊಳೆಯುವಾಗ ಒಂದೊಂದು ಮೀನು ಕೊಟ್ಟಿರಬಹುದು. ಇವಳು ಬಡಿದು ಹೋದ್ಮೇಲೆ ಮೂಲೇಲಿ ಮುದುಡಿಕೊಂಡಿರ್ತಿತ್ತು. ನೋಡೋಕಾಗಲ್ಲ ಕಣೇ. ಪುಟ್ಟನಿಗೆ ಒಬ್ಬರಾದ್ರೂ ಒಳ್ಳೆಯವರು ಬೇಡ್ವಾ?”

“ಪುಟ್ಟ ಅಂತೆ, ಪುಟ್ಟ!” ಎಂದಳು ಹೆಂಡತಿ. “ಮಗು ಚಿವುಟೋಕೆ ನಾನು, ತೊಟ್ಟಿಲು ತೂಗೋಕೆ ನೀವು. ಸಮುದ್ರ ದಾಟಿ ಬಂದ್ರೂ ಬುದ್ಧಿ ಬಿಡಲಿಲ್ಲ.”

“ನಿನ್ನ ಹಾಗೆ ಎಲ್ಲರ ಕೈಲೂ ಛೀ ಅನ್ನಿಸಿಕೊಂಡು ಬದುಕೋ ಶಕ್ತಿ ನನಗಿಲ್ಲಮ್ಮ.”

“ಗೊತ್ತು. ಆ ಶಕ್ತೀನ ನನ್ನ ತಲೆಗೇ ಕಟ್ಟಿದೀರಲ್ಲ.”

ತಂಗಿ ಇಬ್ಬರ ನಡುವೆ ಬಂದಳು. “ಅಣ್ಣ, ಒಬ್ಬ ಒಳ್ಳೆಯವನಿದ್ರೆ ಸಾಕು, ಅದು ಎಲ್ಲ ದೋಣಿಗೂ ಬಾಯಿ ತೆರೆಯುತ್ತೆ. ಈಗ ನಿನ್ನ ಮೇಲಿನ ನಂಬಿಕೇನ ನೀನೇ ಮುರೀಬೇಕು. ಆಗಲ್ಲ ಅಂದ್ರೆ ಹೇಳು, ತೊಟ್ಟಿಯವರಿಗೆ ಫೋನ್ ಮಾಡ್ತೀನಿ.”

“ನಾನು ಊರಿಗೆ ಹೋಗ್ತೀನಿ.”

“ಪಾಸ್‌ಪೋರ್ಟ್ ನನ್ನ ಬ್ಯಾಗಲ್ಲಿದೆ,” ಎಂದಳು ಹೆಂಡತಿ. “ಬೇಕಾದ್ರೆ ಕೇಳಿ. ಕೊಡಲ್ಲ.”

ಮರುದಿನ ಅವನು ಪೈಪನ್ನು ಮೆಲ್ಲಗೆ ತಟ್ಟಿದ. ಡಾಲ್ಫಿನ್ ಅದನ್ನು ಆಟವೆಂದುಕೊಂಡು ಪೈಪಿಗೆ ಮೂತಿ ತಾಗಿಸಿತು.

“ಪೂಜೆಗೆ ಗಂಟೆ ಬಾರಿಸ್ತಿದ್ದೀರಾ?” ಎಂದು ಹಿಂದಿನಿಂದ ಹೆಂಡತಿಯ ದನಿ ಕೇಳಿತು.

ಅವನು ಸುತ್ತಿಗೆಯನ್ನು ಬೀಸಿ ಹೊಡೆದ. ಆ ಪೆಟ್ಟು ಅವಳ ಮೇಲಿನ ಸಿಟ್ಟಿನದು ಎಂಬುದು ಇಬ್ಬರಿಗೂ ಗೊತ್ತಿತ್ತು. ಡಾಲ್ಫಿನ್ ಹಿಂದಕ್ಕೆ ಚಿಮ್ಮಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಾಯಿ ತೆರೆದುಕೊಂಡೇ ಬಂತು. ಅವನು ಮತ್ತೆ ಹೊಡೆದ. ಅವಳ ಸದ್ದಿಗೆ ತಳ ಸೇರಿ ಸುಮ್ಮನಾಗುತ್ತಿದ್ದ ಪ್ರಾಣಿ ಅವನ ಸದ್ದಿಗೆ ಬಲೆಗೆ ಮೈ ಉಜ್ಜಿಕೊಂಡು ಓಡತೊಡಗಿತು. ವಾರ ಕಳೆಯುವಷ್ಟರಲ್ಲಿ ಅವನು ಹಲಗೆಯ ಮೇಲೆ ಕಾಲಿಟ್ಟರೆ ಸಾಕು, ಡಾಲ್ಫಿನ್ ಆಚೆ ತುದಿಗೆ ಓಡುತ್ತಿತ್ತು. ಅವನು ಹೆಂಡತಿಯೊಂದಿಗೆ ನೇರ ಮಾತು ಬಿಟ್ಟ. “ಉಪ್ಪಿನ ಡಬ್ಬಿ ಎಲ್ಲಿ ಅಂತ ನಿಮ್ಮತ್ತಿಗೇನ ಕೇಳು,” ಎಂದು ಎದುರಿಗೇ ಕೂತಿದ್ದ ಅವಳನ್ನು ಬಿಟ್ಟು ತಂಗಿಗೆ ಹೇಳುತ್ತಿದ್ದ.

ಮೂರನೆಯ ಪರೀಕ್ಷೆಯಲ್ಲಿ ಅವನನ್ನೇ ದೋಣಿಯ ಅಂಚಿನಲ್ಲಿ ಕೂರಿಸಿದರು. ಡಾಲ್ಫಿನ್ ಬರಲಿಲ್ಲ.

ಬಿಡುವ ದಿನ, ಉಬ್ಬರದ ನೀರು ತುಂಬಿದಾಗ ಬಲೆಯ ಬಾಗಿಲು ತೆರೆದರು. ಡಾಲ್ಫಿನ್ ಬಾಗಿಲವರೆಗೆ ಬಂದು ತಿರುಗಿತು. ಮತ್ತೆ ಬಂತು, ಮತ್ತೆ ತಿರುಗಿತು. ಇಳಿತ ಶುರುವಾದರೆ ಬಾಗಿಲ ಹೊರಗಿನ ಮರಳುದಿಬ್ಬ ಮೇಲೆದ್ದು ದಾರಿ ಮುಚ್ಚುತ್ತಿತ್ತು.

ಹೆಂಡತಿ ಪೈಪ್ ಬಡಿದಳು. ಅದು ಎಂದಿನಂತೆ ತಳ ಸೇರಿತು, ಹೊರಗೆ ಹೋಗಲಿಲ್ಲ.

“ನಿಮ್ಮ ಸದ್ದು ಅದಕ್ಕೆ ರೂಢಿಯಾಗಿಬಿಟ್ಟಿದೆ ಅತ್ತಿಗೆ,” ಎಂದು ತಂಗಿ ಅಣ್ಣನ ಕಡೆ ನೋಡಿದಳು.

ಅವನು ದಡದಲ್ಲಿ ಬೆನ್ನು ಹಾಕಿ ನಿಂತಿದ್ದ. ತುಸು ಹೊತ್ತಿನ ಮೇಲೆ ಬಂದು ಹೆಂಡತಿಯ ಕೈಯಿಂದ ಪೈಪನ್ನು ಕಿತ್ತುಕೊಂಡ. ಬಾಗಿಲಿಗೆ ಎದುರಾದ ತುದಿಯಿಂದ ಹಲಗೆಯ ಮೇಲೆ ಹೆಜ್ಜೆ ಕುಟ್ಟುತ್ತಾ ನಡೆದ. ಬಡಿಯುವ ಅಗತ್ಯವೇ ಬೀಳಲಿಲ್ಲ. ಬೂದುಬಣ್ಣದ ಬೆನ್ನು ನೀರಿನಡಿಯಲ್ಲಿ ಬಾಣದಂತೆ ಬಾಗಿಲು ದಾಟಿತು. ಹೊರಗೆ ಒಮ್ಮೆ ಉಸಿರೆಳೆಯಿತು, ಇನ್ನೂ ದೂರದಲ್ಲಿ ಇನ್ನೊಮ್ಮೆ. ಆಮೇಲೆ ಕಾಣಲಿಲ್ಲ. ಚಪ್ಪಾಳೆ ಹೊಡೆಯಬಾರದೆಂಬುದು ಕೇಂದ್ರದ ನಿಯಮ. ಯಾರೂ ಹೊಡೆಯಲಿಲ್ಲ.

ಅವನು ಹೆಂಡತಿಯ ಮುಂದೆ ಬಂದು ನಿಂತ.

“ತೃಪ್ತಿ ಆಯ್ತಾ?”

“ಪೈಪ್ ಸಿಹಿನೀರಲ್ಲಿ ತೊಳೆದಿಡಿ,” ಎಂದಳು. “ನಾಳೆ ಇನ್ನೊಂದು ಬರುತ್ತಂತೆ.”