ಕಲ್ಲಂಗಡಿ ತಟ್ಟುವ ಸರ್ಕಾರ

“ಅದು ನನ್ನ ಹೆಂಡ್ತಿ ಕಣಯ್ಯಾ! ಎಷ್ಟು ಸಲ ಹೇಳ್ಬೇಕು ನಿನಗೆ?” ಎಂದು ಫಿಕ್ರಿ ಉಸ್ತಾದರು ಮೇಜು ಕುಟ್ಟಿದರು.

ಶರ್ನೂಬಿ ತನ್ನ ಕಾಫಿ ಅಂಗಡಿಯ ಗಾಜಿಗೆ ಪೋಸ್ಟರ್ ಅಂಟಿಸುವುದನ್ನು ನಿಲ್ಲಿಸಲಿಲ್ಲ. ಪೋಸ್ಟರಿನಲ್ಲಿ ಉಸ್ತಾದರ ಹಳೆಯ ಫೋಟೊ. ಕೆಳಗೆ ದಪ್ಪ ಅಕ್ಷರದಲ್ಲಿ, ‘ಸರ್ಕಾರಕ್ಕೆ ಹೆದರದ ಲೇಖನಿ.’

“ಹೆಂಡ್ತಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಊರಿಗೆಲ್ಲ ಯಾಕೆ ಡಂಗುರ ಹೊಡಿತೀರಾ? ಹೆಂಡ್ತಿ ಕಥೆ ಎಲ್ಲರ ಮನೇಲೂ ಇದೆ, ಅದನ್ನ ಕಾಸು ಕೊಟ್ಟು ಯಾರು ಓದ್ತಾರೆ? ಇವತ್ತೊಂದು ಸಂಜೆ ಬಾಯಿಗೆ ಬೀಗ ಹಾಕ್ಕೊಂಡು ಸಹಿ ಹಾಕ್ತಾ ಕೂತ್ಕೊಳ್ಳಿ. ಪುಸ್ತಕ ಖಾಲಿಯಾಗ್ಲಿಲ್ಲ ಅಂದ್ರೆ ಆಮೇಲೆ ಕೇಳಿ.”

ಬದುಕಿಡೀ ತನ್ನ ಸರ್ಕಾರಕ್ಕೆ ಹೆದರಿಕೊಂಡೇ ಬಾಳಿದ ಮನುಷ್ಯನಿಗೆ ಎಂಥ ಬಿರುದು ನೋಡಿ! ನಮ್ಮ ಅಲೆಕ್ಸಾಂಡ್ರಿಯದ ಗಂಡಸರು ನಾಲ್ಕು ಜನರ ನಡುವೆ ಹೆಂಡತಿಯ ಹೆಸರೆತ್ತುವುದಿಲ್ಲ. ‘ಸರ್ಕಾರ ಕಾಯ್ತಾ ಇದೆ, ಹೊರಟೆ’ ಎಂದು ಡೊಮಿನೊ ಆಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಉಸ್ತಾದರೂ ಅಷ್ಟೆ. ಸಂಜೆಪತ್ರಿಕೆಯೊಂದರ ತಮ್ಮ ಹಾಸ್ಯ ಅಂಕಣದಲ್ಲಿ ಹೆಂಡತಿ ಸುಹೈರಳನ್ನು ಸರ್ಕಾರ ಎಂದೇ ಬರೆದರು. ಸರ್ಕಾರ ಸಕ್ಕರೆ ಬಚ್ಚಿಟ್ಟಿತು, ಸರ್ಕಾರ ರೇಡಿಯೊ ವಶಪಡಿಸಿಕೊಂಡಿತು, ಸರ್ಕಾರ ಮೂರು ದಿನ ಮಾತೇ ಆಡಲಿಲ್ಲ. ಓದಿದವರು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿ, “ಗಂಡೆದೆ ಕಣ್ರೀ ಈ ಮನುಷ್ಯನದು!” ಎಂದರು. ಅದು ನನ್ನ ಹೆಂಡತಿ ಎಂದು ಇವರು ಹೇಳಿದಷ್ಟೂ ಜನ ಬೆನ್ನು ತಟ್ಟಿ ನಕ್ಕರು. ಸುಹೈರ್‌ಗಂತೂ ಇದು ದೊಡ್ಡ ತಮಾಷೆಯಾಗಿತ್ತು. “ನನ್ನ ದೆಸೆಯಿಂದ ಜೈಲಿಗೆ ಹೋದ್ರೆ ಹೋಗಿ, ಬುತ್ತಿ ನಾನೇ ತರ್ತೀನಿ” ಎನ್ನುತ್ತಿದ್ದಳು.

ಅಂಕಣ ಮೊದಲು ಪಾಸಾಗಬೇಕಾದದ್ದು ಅಡುಗೆಮನೆಯಲ್ಲಿ. ಗುರುವಾರ ಬೆಳಿಗ್ಗೆ ಅವಳು ಎರಡು ಹಿಡಿಯ ಬಾಗಿದ ಕತ್ತಿಯಲ್ಲಿ ಮುಲೂಖಿಯಾ ಸೊಪ್ಪು ಕೊಚ್ಚುತ್ತಿದ್ದರೆ ಇವರು ಬಾಗಿಲಿಗೆ ಒರಗಿ ಓದುವರು. ಅವಳ ನಗು ಸದ್ದಿಲ್ಲದೆ ಶುರುವಾಗುತ್ತಿತ್ತು. ಮೊದಲು ಹೆಗಲು ಕುಲುಕಾಡುವುದು, ಕತ್ತಿ ನಿಲ್ಲುವುದು, ಆಮೇಲೆ ಒಂದೇ ಒಂದು ಬಿಕ್ಕಳಿಕೆ. ಬಿಕ್ಕಳಿಕೆ ಬಂತೆಂದರೆ ಬರಹ ಪತ್ರಿಕೆಗೆ. ಬರದಿದ್ದರೆ, “ಹರಿದು ಹಾಕಿ, ಬೇರೆ ಬರೀರಿ.” ಅಂಥ ಸಂಪಾದಕರು ಅವರಿಗೆ ಮತ್ತೆಲ್ಲೂ ಸಿಗಲಿಲ್ಲ.

ಪತ್ರಿಕೆ ಮುಚ್ಚಿತು. ಹೋದ ವರ್ಷ ಸುಹೈರಳೂ ಹೋದಳು. ಅವಳು ಇದ್ದಳು ಎನ್ನುವುದು ಎಲ್ಲಾದರೂ ಅಚ್ಚಾಗಿ ಉಳಿಯಲಿ ಎಂದು ಉಸ್ತಾದರು ಹಳೆಯ ಅಂಕಣಗಳನ್ನೆಲ್ಲ ಒಟ್ಟು ಮಾಡಿ, ಕೈಯಿಂದಲೇ ಖರ್ಚು ಹಾಕಿ ‘ನಮ್ಮ ಸರ್ಕಾರ’ ಎಂಬ ಪುಸ್ತಕ ಮಾಡಿಸಿದರು. ಒಂದು ಪ್ರತಿಯನ್ನು, ಈ ಸಂಜೆಗೆ ಬಾ ಎಂದು ಚೀಟಿ ಇಟ್ಟು, ದಮನ್‌ಹೂರಿನಲ್ಲಿರುವ ನಾದಿನಿ ಕೌಸರಳಿಗೆ ಅಂಚೆಯಲ್ಲಿ ಕಳಿಸಿದರು. ಉತ್ತರ ಬರಲಿಲ್ಲ. ಬಾಲ್ಕನಿಯಲ್ಲಿಟ್ಟರೆ ಸಮುದ್ರದ ತೇವ ಹಿಡಿಯುತ್ತದೆಂದು ಪುಸ್ತಕದ ಕಟ್ಟುಗಳನ್ನು ಮಂಚದ ಮೇಲೆ, ಸುಹೈರ್ ಮಲಗುತ್ತಿದ್ದ ಕಡೆ ಪೇರಿಸಿಟ್ಟರು.

ಸಂಜೆ ಅಂಗಡಿ ತುಂಬಿಹೋಯಿತು. ಪೋಸ್ಟರ್ ನೋಡಿ ಬಂದ ಕಾಲೇಜು ಹುಡುಗರು, ರಿಟೈರಾದ ಮೇಷ್ಟರುಗಳು, ಹುಕ್ಕಾ ಬಿಟ್ಟು ಏಳದ ಮಾಮೂಲಿ ಗಿರಾಕಿಗಳು. “ಕಲ್ಲಂಗಡಿದು ಓದಿ!” ಎಂದು ಯಾರೋ ಕೂಗಿದರು. ಉಸ್ತಾದರು ಕನ್ನಡಕ ಏರಿಸಿ ಓದಿದರು:

“ನಮ್ಮ ಸರ್ಕಾರ ಯಾವ ಕಲ್ಲಂಗಡಿಯನ್ನೂ ವಿಚಾರಣೆ ಇಲ್ಲದೆ ಒಳಗೆ ಹಾಕುವುದಿಲ್ಲ. ಮೊದಲು ಕೆನ್ನೆಗೆ ಎರಡು ಬಾರಿಸುತ್ತದೆ. ಬಾಯಿ ಬಿಟ್ಟರೆ ಸರಿ, ಬಿಡದಿದ್ದರೆ ಇನ್ನೆರಡು. ಕೊನೆಗೆ ಎಳೆದು ತಂದು ಕೊಯ್ದು ನೋಡಿದರೆ ಒಳಗೆಲ್ಲ ಬೆಳ್ಳಗೆ. ಪಾಪ, ನಿರಪರಾಧಿ!”

ಚಪ್ಪಾಳೆಯೋ ಚಪ್ಪಾಳೆ. “ಆ ಕಾಲದಲ್ಲಿ ಇದನ್ನ ಬರೆಯೋಕೆ ಎಂಟೆದೆ ಬೇಕಿತ್ತು!” ಎಂದರು ಒಬ್ಬ ಮೇಷ್ಟರು. ಉಸ್ತಾದರಿಗೆ ತಡೆಯಲಾಗಲಿಲ್ಲ. ಶರ್ನೂಬಿ ಕಣ್ಣು ಬಿಟ್ಟು ಹೆದರಿಸುತ್ತಿದ್ದರೂ ಎದ್ದು ನಿಂತರು.

“ನೋಡಿ, ಇದರಲ್ಲಿ ಧೈರ್ಯ ಗೀರ್ಯ ಏನಿಲ್ಲ. ಇದು ನನ್ನ ಹೆಂಡ್ತಿ ಸುಹೈರ್. ಹೋದ ವರ್ಷ ತೀರ್ಕೊಂಡಳು. ಮಾರ್ಕೆಟ್‌ನಲ್ಲಿ ಅವಳು ಹಣ್ಣು ತಟ್ಟಿ ತಟ್ಟಿ...”

“ಅರ್ಥ ಆಯ್ತು ಬಿಡಿ ಉಸ್ತಾದ್, ಗೋಡೆಗೂ ಕಿವಿ ಇರುತ್ತೆ!” ಎಂದ ಒಬ್ಬ ಹುಡುಗ. ಅಂಗಡಿಗೆ ಅಂಗಡಿಯೇ ಗೊಳ್ಳೆಂದಿತು.

ಉಸ್ತಾದರು ಕುಳಿತರು. ಪುಸ್ತಕಗಳು ಬಿಸಿ ರೊಟ್ಟಿಯಂತೆ ಖರ್ಚಾಗುತ್ತಿದ್ದವು. ಒಂದೊಂದು ಖರ್ಚಾದಾಗಲೂ ಸುಹೈರ್ ಅಷ್ಟಷ್ಟು ಇಲ್ಲವಾಗುತ್ತಿದ್ದಳು. ಇದಕ್ಕಿಂತ ಮಂಚದ ಮೇಲೇ ಇರಬೇಕಿತ್ತು ಇವು ಎನ್ನಿಸಿತು.

ಆಗ ಬಾಗಿಲಲ್ಲೊಂದು ದನಿ: “ಯಾವನೋ ಅವನು, ನನ್ನ ಅಕ್ಕನ್ನ ಸರ್ಕಾರ ಅಂದೋನು?”

ಕಪ್ಪು ಉಡುಪಿನ ದಪ್ಪನೆಯ ಹೆಂಗಸು ಕುರ್ಚಿಗಳನ್ನು ಸರಿಸುತ್ತ ನೇರ ಮುಂದಕ್ಕೆ ಬಂದಳು. ಕೈಯಲ್ಲಿ ಅಂಚೆಯಲ್ಲಿ ಹೋಗಿದ್ದ ಪುಸ್ತಕ. ಕೌಸರ್!

“ನಾಚಿಕೆ ಆಗಲ್ವಾ ಭಾವ ನಿಮಗೆ? ಸಕ್ಕರೆ ಬಚ್ಚಿಟ್ಟಳಂತೆ! ನಿಮಗೆ ಸಕ್ಕರೆ ಕಾಯಿಲೆ ಅಂತ ಬಚ್ಚಿಟ್ಟಳು. ಕದ್ದು ತಿಂದು, ನಾಲಗೆ ತೋರ್ಸಿ ಅಂದ್ರೆ ಬಾಯಿ ಮುಚ್ಕೊಂಡು ಕೂತೋರು ನೀವು! ಮತ್ತೆ ಈ ಕಲ್ಲಂಗಡಿ. ಸುಹೈರ್ ತಟ್ಟಿ ತಂದ ಹಣ್ಣು ಒಂದಾದ್ರೂ ಬೆಳ್ಳಗಿತ್ತಾ? ಹೇಳಿ, ಒಂದಾದ್ರೂ? ಆ ಬಿಳೀ ಹಣ್ಣು ತಂದೋರು ನೀವು! ನಾನು ಆವತ್ತು ಅಲ್ಲೇ ಇದ್ದೆ. ಪೇಪರ್‌ನಲ್ಲಿ ಬಂದಾಗ್ಲೇ ಜಗಳಕ್ಕೆ ಬರೋಳಿದ್ದೆ. ‘ಬಿಡೇ ಕೌಸರ್, ತಪ್ಪು ನನ್ನ ಮೇಲಿದ್ರೆ ಜನ ಜಾಸ್ತಿ ನಗ್ತಾರೆ’ ಅಂತ ಅವಳೇ ತಡೆದಳು. ಅವಳು ಸುಮ್ನಿದ್ದಳು ಅಂತ ನಾನೂ ಸುಮ್ನಿರ್ತೀನಾ?”

ಗೋಡೆಗೆ ಕಿವಿ ಇಟ್ಟಿದ್ದ ಹುಡುಗ ಮೆಲ್ಲಗೆ ಕೇಳಿದ, “ಹಾಗಾದ್ರೆ... ನಿಜವಾಗ್ಲೂ ಹೆಂಡ್ತೀನಾ?”

“ಮತ್ತೆ ನಿಮ್ಮಪ್ಪನ ಹೆಂಡ್ತೀನಾ?” ಎಂದಳು ಕೌಸರ್.

ಶರ್ನೂಬಿ ತಲೆಯ ಮೇಲೆ ಕೈ ಹೊತ್ತ. ಉಸ್ತಾದರ ಮುಖ ಮಾತ್ರ ಹಬ್ಬದ ಬೆಳಗಿನಂತಾಗಿತ್ತು. “ನಾನೇ ತಂದದ್ದು. ಹೌದು ತಾಯಿ, ನಾನೇ” ಎಂದರು. ಅವರೇ ಕುರ್ಚಿ ಎಳೆದು ಹಾಕಿದರು. ಸೋಂಪಿನ ಕಷಾಯ ತರಿಸಿದರು. ಜನ ಈಗ ಪುಸ್ತಕ ತೆರೆದು, ಮೊದಲ ಸಲ ನೋಡುವವರಂತೆ ಪುಟ ತಿರುವುತ್ತಿದ್ದರು. ಮೇಷ್ಟರು ಕಣ್ಣೊರೆಸಿಕೊಂಡು, “ಪುಣ್ಯಾತ್ಗಿತ್ತಿ, ನಮ್ಮನೆಯವಳೂ ಹೀಗೇ ಇದ್ದಳು” ಎಂದರು.

ಕೌಸರ್ ಇನ್ನೂ ಬಿಗಿದುಕೊಂಡೇ ಕುಳಿತಿದ್ದಳು. “ಅದೇನು ಓದ್ತಾ ಇದ್ರೋ ಓದಿ. ಸುಳ್ಳು ಬಂದ್ರೆ ಅಲ್ಲೇ ಹಿಡೀತೀನಿ.”

ಉಸ್ತಾದರು ಮತ್ತೆ ಕಲ್ಲಂಗಡಿಯಿಂದಲೇ ಶುರುಮಾಡಿದರು. ಕೆನ್ನೆಗೆ ಬಾರಿಸುವಲ್ಲಿ ಅವಳು ತುಟಿ ಕಚ್ಚಿದಳು. ಇನ್ನೆರಡು ಎನ್ನುವಲ್ಲಿ ಮುಖ ಆಚೆ ತಿರುಗಿಸಿದಳು. “ಒಳಗೆಲ್ಲ ಬೆಳ್ಳಗೆ. ಪಾಪ, ನಿರಪರಾಧಿ” ಎಂದಾಗ ಅವಳ ಹೆಗಲು ಸದ್ದಿಲ್ಲದೆ ಕುಲುಕಾಡತೊಡಗಿತು. ಕೈಯ ಲೋಟ ನಿಂತಿತು. ಆಮೇಲೆ, ಒಂದೇ ಒಂದು ಬಿಕ್ಕಳಿಕೆ.

ಉಸ್ತಾದರ ದನಿ ಅಲ್ಲೇ ನಿಂತುಬಿಟ್ಟಿತು.

“ಯಾಕೆ ನಿಲ್ಲಿಸಿದ್ರಿ ಭಾವ? ಮುಂದೆ ಓದಿ.”

ಅವರು ಕನ್ನಡಕ ಒರೆಸಿಕೊಂಡರು. ಮುಂದೆ ಓದಲಿಲ್ಲ. ಬೆರಳನ್ನು ಒಂದು ಸಾಲು ಮೇಲಕ್ಕೆ ಸರಿಸಿ, ಅದನ್ನೇ ಇನ್ನೊಮ್ಮೆ ಓದಿದರು.